ಕೋಳಿಯ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದವರು ಮನುಷ್ಯರ ಕಾಲನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಕೋಳಿಯ ಕಾಲಿಗೂ ಒಂದು ಹಾಸಿಗೆ ಬೇಕಾಗುತ್ತದೆ, ಅದನ್ನು ಆರಿಸಲು ಕುಳಿತರೆ ನ್ಯಾಯ ಅನ್ಯಾಯದ ಮಾತೆಲ್ಲ ಎದ್ದು ಬರುತ್ತದೆ ಎಂಬುದು ಅವರಿಗೆ ಹೊಳೆದಿರಲಿಕ್ಕಿಲ್ಲ. ನನಗೂ ಹೊಳೆದದ್ದು ಗೂಗಲ್ಲಿನ ಹೆಣ್ಣುಮಗಳೊಬ್ಬಳು ಒಂದು ಪ್ರಶ್ನೆ ಕೇಳಿದ ಮೇಲೆ.

ಗೂಗಲ್ ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗಿರುವ ಊರು. ಹೆಸರು ಕೇಳಿದ ಕೂಡಲೇ ಪಟ್ಟಣದ ಹುಡುಗರು ಮೊಬೈಲು ತೋರಿಸಿ ನಗುತ್ತಾರೆ. ನಗಲಿ. ಆ ಗೂಗಲ್ ಹುಟ್ಟಿದ್ದು 1998ರಲ್ಲಿ. ನಮ್ಮದು ಅದಕ್ಕೂ ಬಹಳ ಮೊದಲಿನಿಂದ ಹೊಳೆ ನೋಡುತ್ತ ಕೂತ ಊರು. ಇಲ್ಲಿನ ಸ್ತ್ರೀಶಕ್ತಿ ಸಂಘದ ಕೆಲವರು ಕೂಡಿ ಗಿರಿರಾಜ ಕೋಳಿಮರಿ ತರಿಸುವ ವಿಚಾರ ಮಾಡಿದರು. ಮನೆಗೆ ಇಪ್ಪತ್ತು ಮರಿ. ಮರಿ ಬರುವ ಮೊದಲೇ ಒಂದು ಮಾಹಿತಿ ಪತ್ರ ಬಂತು. ಅದನ್ನು ಓದಿ ಹೇಳಿರೆಂದು ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ತಂದರು. ಆಳ ಹಾಸು ಪದ್ಧತಿ, ನೆಲಕ್ಕೆ ಮೂರು ನಾಲ್ಕು ಅಂಗುಲ ದಪ್ಪನೆಯ ಹಾಸು, ವಾರಕ್ಕೊಮ್ಮೆ ಕೆದಕಿ ತಿರುವಿ ಹಾಕುವುದು ಎಂದೆಲ್ಲ ನಾನು ಓದುತ್ತಿದ್ದೆ. ಹಿಂದೆ ಕೂತಿದ್ದ ಹಿರಿಯಳೊಬ್ಬಳು ತಡೆದು ಕೇಳಿದಳು:

"ಅಕ್ಕೋರ, ನಾಳಿಗಿ ಕೊಯ್ಯೋ ಕೋಳಿಗಿ ಹಾಸಿಗಿ ಯಾಕ್ರಿ? ನಮ್ಮನ್ಯಾಗ ಮೂರು ಮಕ್ಕಳು ಒಂದ ಕೌದ್ಯಾಗ ಮಲಗ್ತಾವ."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ಇಂಥ ಪ್ರಶ್ನೆಗೆ ಸುಲಭದ ಉತ್ತರವೊಂದು ಯಾವಾಗಲೂ ಸಿದ್ಧವಿರುತ್ತದೆ, ಅದು ಲಾಭದ ಉತ್ತರ. ಕೋಳಿಗೆ ನಮ್ಮ ಹಾಗೆ ಮೂತ್ರ ಬೇರೆ ಮಲ ಬೇರೆ ಇಲ್ಲ. ಹಿಕ್ಕೆಯಲ್ಲಿ ನೀರಿನ ಅಂಶವೇ ಹೆಚ್ಚು. ಬರಿ ನೆಲದ ಮೇಲೆ ಇಪ್ಪತ್ತು ಕೋಳಿ ಕೂಡಿಹಾಕಿದರೆ ನಾಲ್ಕು ದಿನದಲ್ಲಿ ನೆಲ ರಾಡಿಯಾಗುತ್ತದೆ. ಆ ರಾಡಿಯಿಂದ ಅಮೋನಿಯಾ ಏಳುತ್ತದೆ. ಬಾಗಿಲು ತೆರೆದರೆ ನಮ್ಮ ಕಣ್ಣೇ ಉರಿಯುತ್ತದೆ, ಇನ್ನು ಅದರಲ್ಲೇ ಮೂಗಿಟ್ಟು ಬದುಕುವ ಕೋಳಿಯ ಗತಿ ಏನು? ಹಸಿ ನೆಲದಲ್ಲಿ ರಕ್ತಭೇದಿಯ ರೋಗ ಬೆಳೆಯುತ್ತದೆ. ನುಣ್ಣನೆ ನೆಲದ ಮೇಲೆ ನಡೆದ ಮರಿಗಳ ಕಾಲು ಅಗಲಿ ಸೊಟ್ಟಗಾಗುತ್ತವೆ. ಆದ್ದರಿಂದ ಹಾಸು ಹಾಕಿದರೆ ಮರಿ ಉಳಿಯುತ್ತವೆ, ದುಡ್ಡೂ ಉಳಿಯುತ್ತದೆ. ಇದನ್ನೆಲ್ಲ ನಾನು ಹೇಳಿದೆ. ಅವರೆಲ್ಲ ತಲೆಯಾಡಿಸಿದರು. ಆದರೆ ಆಕೆ ಕೇಳಿದ್ದು ಲಾಭವನ್ನಲ್ಲ ಎಂಬುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಹಾಸು ಹಾಕದೆಯೇ ಹೆಚ್ಚು ದುಡ್ಡು ಬರುತ್ತದೆ ಎಂದಾದರೆ ಆಗ ಏನು? ಲಾಭದ ಉತ್ತರ ಅಲ್ಲಿಗೆ ಬಾಯಿ ಮುಚ್ಚುತ್ತದೆ. ಜಗತ್ತಿನಲ್ಲಿ ಹಾಗೆ ಆಗಿಯೂ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹಳೆಯ ಸಂಗತಿ. ನಮ್ಮ ಕಡೆ ಕೋಳಿ ಸಾಕುವುದು ಹೊಸದಲ್ಲ, ಆದರೆ ಕೋಳಿಗೆ ಹಾಸಿಗೆ ಎನ್ನುವ ಮಾತು ಹೊಸದು. ನಾಟಿ ಕೋಳಿ ಹಗಲೆಲ್ಲ ತಿಪ್ಪೆ, ಕಣ, ಬೇಲಿಸಾಲು ಅಲೆದು ಕತ್ತಲಾದಾಗ ತಾನೇ ಮನೆಗೆ ಬರುತ್ತಿತ್ತು. ಅದರ ಮೇಲೆ ಒಂದು ಬುಟ್ಟಿ ಕವುಚಿ ಕಲ್ಲು ಹೇರಿದರೆ ಮುಗಿಯಿತು. ಕಾವಿಗೆ ಕೂಡಿಸುವಾಗ ಮಾತ್ರ ಬುಟ್ಟಿಯಲ್ಲಿ ಉಸುಕೋ ಬೂದಿಯೋ ಹೊಟ್ಟೋ ಹಾಕಿ, ಅದರ ಮೇಲೆ ತತ್ತಿ ಇಟ್ಟು, ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಕಬ್ಬಿಣದ ತುಂಡೂ ಇದ್ದಲಿಯೂ ಇಡುತ್ತಿದ್ದರು. ಇಪ್ಪತ್ತೊಂದು ದಿನಕ್ಕೆ ಮರಿ. ಉಳಿದ ಕಾಲಕ್ಕೆ ಕೋಳಿ ತನಗೆ ಬೇಕಾದ ನೆಲವನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಒಣಗಿದ್ದೆಲ್ಲಿ, ತಂಪಿರುವುದೆಲ್ಲಿ, ಪುಡಿಮಣ್ಣು ಎಲ್ಲಿ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಹಾಗೆ ಬಿಡಲಾಗುವುದಿಲ್ಲ. ನಾಯಿಯ ಕಾಟ, ರಸ್ತೆಯ ಮೇಲೆ ಟಿಪ್ಪರುಗಳ ಓಡಾಟ, ನೆರೆಮನೆಯವರು ಒಣಹಾಕಿದ ಮೆಣಸಿನಕಾಯಿ, ಅದರ ಹಿಂದೆ ಜಗಳ. ಎರಡು ಕೋಳಿಯಾದರೆ ಊರು ತಾಳಿಕೊಳ್ಳುತ್ತದೆ, ಇಪ್ಪತ್ತಾದರೆ ಪಂಚಾಯಿತಿಗೆ ಬರುತ್ತದೆ. ಹೀಗಾಗಿ ಗೂಡು ಕಟ್ಟಬೇಕು, ಮುಂದೆ ಜಾಳಿಗೆ ಹಾಕಿದ ಅಂಗಳ ಮಾಡಬೇಕು. ಹಾಸಿಗೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಬಾಗಿಲಿಗೆ ಚಿಲಕ ಹಾಕಿದ ಕ್ಷಣದಲ್ಲಿ ಕೋಳಿಯ ಕಾಲಡಿ ಇದ್ದ ಇಡೀ ಊರನ್ನು ನಾವು ಕಿತ್ತುಕೊಂಡೆವು. ಮೂರು ಅಂಗುಲದ ಹೊಟ್ಟು ಹಾಕಿದರೆ ಅದು ನಾವು ಕೊಟ್ಟ ದಾನವಲ್ಲ. ಕಸಿದುಕೊಂಡದ್ದರಲ್ಲಿ ಒಂದಿಷ್ಟನ್ನು ಮರಳಿಸಿದ ಹಾಗೆ. ಬಿಟ್ಟ ಕೋಳಿಗೆ ನಾನು ಸಾಲಗಾರಳಲ್ಲ, ಕೂಡಿಹಾಕಿದ ಕೋಳಿಗೆ ಸಾಲಗಾರಳು.

ನಾಳೆ ಕೊಯ್ಯುವುದಲ್ಲ ಎಂದರೆ? ಕೊಯ್ಯುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚೆ ಆ ಕೋಳಿ ತಿಂಗಳುಗಟ್ಟಲೆ, ತತ್ತಿಯ ಕೋಳಿಯಾದರೆ ವರ್ಷಗಟ್ಟಲೆ, ಬೆಳಗ್ಗೆ ಕಣ್ಣು ತೆರೆದು ಸಂಜೆ ಕಣ್ಣು ಮುಚ್ಚುತ್ತದೆ. ಕೊಯ್ಯುವುದು ಸರಿಯೋ ತಪ್ಪೋ ಎಂಬ ವಾದದಲ್ಲಿ ನಾವು ಎಷ್ಟು ಮುಳುಗಿರುತ್ತೇವೆಂದರೆ ಸಾಕುವುದು ಹೇಗೆ ಎಂಬ ಪ್ರಶ್ನೆ ಯಾರಿಗೂ ಕೇಳಿಸುವುದೇ ಇಲ್ಲ. ತಿನ್ನುವವರು ಹೇಗೂ ತಿನ್ನುತ್ತೇವಲ್ಲ ಎನ್ನುತ್ತಾರೆ, ತಿನ್ನದವರು ನಾವು ತಿನ್ನುವುದೇ ಇಲ್ಲವಲ್ಲ ಎನ್ನುತ್ತಾರೆ. ಇಬ್ಬರೂ ಗೂಡಿನೊಳಗೆ ಹಣಿಕಿ ಹಾಕುವುದಿಲ್ಲ. ನಾನು ತಿನ್ನುವವಳೋ ಅಲ್ಲವೋ ಎಂದು ಓದುಗರಿಗೆ ಕುತೂಹಲವಿದ್ದರೆ ಹೆಸರು ನೋಡಿ ಊಹಿಸಿಕೊಳ್ಳುತ್ತಾರೆ. ಅದು ನಮ್ಮ ನಾಡಿನ ಅಭ್ಯಾಸ.

ಇನ್ನು ಆಕೆಯ ಎರಡನೆಯ ಮಾತು, ಮೂರು ಮಕ್ಕಳಿಗೆ ಒಂದು ಕೌದಿ. ಇದನ್ನು ಹಗುರವಾಗಿ ದಾಟುವ ಹಾಗಿಲ್ಲ. ಬಡವರ ಮನೆಯಲ್ಲಿ ಒಂದು ವಸ್ತು ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ಕಡಿಮೆಯಾಗಿಯೇ ಹೋಗಬೇಕು. ಆದ್ದರಿಂದ ಕೋಳಿಗೆ ಏನು ಹಾಸಬೇಕು ಎನ್ನುವುದಕ್ಕಿಂತ ಮೊದಲು, ಯಾರದ್ದನ್ನು ತೆಗೆದು ಹಾಸುತ್ತೇವೆ ಎಂದು ಕೇಳಬೇಕಾಗುತ್ತದೆ. ನಮ್ಮ ಸೀಮೆಯಲ್ಲಿ ಹೊಲದಿಂದ ಬಂದ ಒಂದೊಂದು ಕಡ್ಡಿಗೂ ಒಬ್ಬ ಒಡೆಯನಿದ್ದಾನೆ. ಜೋಳದ ಕಣಿಕೆ ಎತ್ತಿನದು. ತೊಗರಿ ಹೊಟ್ಟು, ಶೇಂಗಾ ಹೊಟ್ಟು ಎಮ್ಮೆಯದು, ಆಡಿನದು. ಹತ್ತಿ ಕಟ್ಟಿಗೆ ಒಲೆಯದು. ಮಾಹಿತಿ ಪತ್ರದಲ್ಲಿ ಕತ್ತರಿಸಿದ ಹುಲ್ಲನ್ನೂ ಹಾಸಬಹುದೆಂದಿತ್ತು. 2023ರಂಥ ಬರದ ವರ್ಷದಲ್ಲಿ ಮೇವಿಗಾಗಿ ಅಲೆದ ಮನೆಯವರ ಮುಂದೆ ಆ ಸಾಲನ್ನು ಓದಲು ನನಗೆ ನಾಲಿಗೆ ಏಳಲಿಲ್ಲ. ಎತ್ತಿನ ಬಾಯಿಗೆ ಹೋಗುವುದನ್ನು ಕೋಳಿಯ ಕಾಲಿಗೆ ಹಾಕುವುದು ದಯೆಯೇ? ಅಲ್ಲದೆ ಹುಲ್ಲು ತೇವ ಕುಡಿದರೆ ಚಾಪೆಯ ಹಾಗೆ ಹೆಣೆದುಕೊಂಡು ಬೂಸ್ಟು ಹಿಡಿಯುತ್ತದೆ.

ಭತ್ತದ ಹೊಟ್ಟು ಹಾಗಲ್ಲ. ಇದನ್ನು ದನ ಮೂಸಿ ನೋಡಿ ಬಿಡುತ್ತದೆ. ಅದರಲ್ಲಿ ಸಿಲಿಕಾ, ಅಂದರೆ ಮರಳಿನ ಅಂಶ ಬಹಳ; ಬೇಗ ಕೊಳೆಯುವುದಿಲ್ಲ, ಹಗುರ, ಗಾಳಿಯಾಡುತ್ತದೆ. ಒಂದು ಕಾಲಕ್ಕೆ ಇದು ನಮ್ಮಲ್ಲಿ ಅಪರೂಪದ ವಸ್ತು. ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಮಾನ್ವಿ ಕಡೆ ಜೋಳದ ಹೊಲಗಳು ಗದ್ದೆಗಳಾದವು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಬಂತು. ರಾಯಚೂರು ಮಾನ್ವಿಗಳಲ್ಲಿ ಅಕ್ಕಿ ಗಿರಣಿಗಳು ಎದ್ದವು. ಗಿರಣಿಯ ಹಿಂದೆ ಹೊಟ್ಟಿನ ಗುಡ್ಡ. ಅದನ್ನು ಬಾಯ್ಲರಿಗೂ ಇಟ್ಟಂಗಿ ಭಟ್ಟಿಗೂ ಸುಡುತ್ತಾರೆ. ಅದರಲ್ಲಿ ಹತ್ತು ಚೀಲ ಕೋಳಿಗೆ ತಂದರೆ ಯಾರ ಬಾಯಿಯ ತುತ್ತೂ ತಪ್ಪುವುದಿಲ್ಲ, ಯಾವ ಮಗುವಿನ ಕೌದಿಯೂ ಚಿಕ್ಕದಾಗುವುದಿಲ್ಲ. ಹಾಗೆ ನೋಡಿದರೆ ಹೊಟ್ಟು ಗೆದ್ದದ್ದು ಅದರ ಗುಣದಿಂದ ಅರ್ಧ, ಯಾರಿಗೂ ಬೇಡವಾದದ್ದರಿಂದ ಅರ್ಧ.

ತೇವ ನೋಡುವ ಉಪಾಯ ಪತ್ರದಲ್ಲಿತ್ತು. ಒಂದು ಮುಷ್ಟಿ ಹಾಸು ಹಿಡಿದು ಹಿಂಡಬೇಕು. ಗಟ್ಟಿ ಉಂಡೆಯಾದರೆ ಹಸಿ ಹೆಚ್ಚಾಯಿತು, ಸುಣ್ಣದ ಪುಡಿ ಕಲಸಿ ತಿರುವಿ ಹಾಕಬೇಕು. ಸ್ವಲ್ಪ ಕೂಡಿದಂತಾಗಿ ಬಿಟ್ಟ ಕೂಡಲೇ ಉದುರಿದರೆ ಹದ ಸರಿ. ಇದನ್ನು ನಾನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಜೀವನವಿಡೀ ಹಿಟ್ಟಿನ ಹದ, ಉಂಡಿಯ ಹದ ನೋಡಿದ ಕೈಗಳು ಅವು.

ಆದರೆ ಆ ಕೈ ಯಾರದು ಎಂಬುದನ್ನೂ ನೋಡಬೇಕಲ್ಲ. ವಾರಕ್ಕೊಮ್ಮೆ ಹಾಸು ಕೆದಕುವುದು, ಗಟ್ಟಿಯಾದ ಪದರ ತೆಗೆದು ಹೊರಗೆ ಹಾಕುವುದು, ನೀರಿನ ತಟ್ಟೆಯ ಸುತ್ತ ಒದ್ದೆಯಾದದ್ದನ್ನು ದಿನವೂ ಬದಲಿಸುವುದು. ಗಂಡಸರಿಗೆ ಕೋಳಿಯ ರುಚಿ ಗೊತ್ತು, ಗೂಡಿನ ವಾಸನೆ ಗೊತ್ತಿಲ್ಲ. ತಾಯಿ ಹತ್ತಿ ಬಿಡಿಸಲು ಹೋದರೆ ಕೆಲಸ ಮಗಳ ಪಾಲಿಗೆ ಬರುತ್ತದೆ. ಬೆಳಗಿನ ಪ್ರಾರ್ಥನೆಗೆ ತಡವಾಗಿ ಬರುವ ಹುಡುಗಿಯರ ಕಾರಣ ಕೇಳಿ ಕೇಳಿ ನನಗೆ ಊರಿನ ಎಲ್ಲ ಮನೆಯ ಕೆಲಸಗಳ ಪಟ್ಟಿ ಬಾಯಿಪಾಠವಾಗಿದೆ. ಅದಕ್ಕೆ ಇನ್ನೊಂದು ಸೇರುವುದು ನನಗೆ ಬೇಡವಾಗಿತ್ತು. ಕೋಳಿಗೆ ಮರಳಿಸುವ ಸಾಲವನ್ನು ಹುಡುಗಿಯ ಪಾಠದಿಂದ ಕತ್ತರಿಸಿ ತೀರಿಸಿದರೆ ಅದು ಯಾವ ಧರ್ಮ? ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಕೆದಕುವ ಕೆಲಸ ರವಿವಾರಕ್ಕೆ, ಗಂಡುಹುಡುಗರೂ ಕೈ ಹಚ್ಚಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು ಎಂದು ಸಂಘದಲ್ಲಿ ಮಾತಾಯಿತು. ಮಾತು ಎಷ್ಟು ಮನೆಯಲ್ಲಿ ನಿಂತಿತು ಎಂದು ಕೇಳಬೇಡಿ. ಕೆಲವು ಮನೆಯಲ್ಲಿ ನಿಂತಿದೆ.

ಹೊಟ್ಟಲ್ಲದೆ ಬೇರೆ ಏನೇನು ಹಾಕಬಹುದೆಂದು ಅಂದು ಬಹಳ ಚರ್ಚೆಯಾಯಿತು. ಒಬ್ಬಳು ಕಟ್ಟಿಗೆ ಅಡ್ಡೆಯ ಪುಡಿ ಎಂದಳು. ದಪ್ಪ ಹೆರಕಲಾದರೆ ಒಳ್ಳೆಯದು, ನುಣ್ಣನೆ ಪುಡಿಯನ್ನು ಎಳೆಯ ಮರಿಗಳು ಕಾಳೆಂದು ತಿಂದುಬಿಡುತ್ತವೆ. ಶೇಂಗಾ ಸಿಪ್ಪೆಯ ಮಾತೂ ಬಂತು. ಒಣಗಿದ್ದರೆ ಸೈ, ಬೂಸ್ಟು ಬಂದರೆ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ಬ್ರೆಜಿಲ್‌ನಿಂದ ತಂದ ಶೇಂಗಾ ಹಿಂಡಿಯಲ್ಲಿ ಬೆಳೆದ ಬೂಸ್ಟು. ಅಫ್ಲಾಟಾಕ್ಸಿನ್ ಎಂಬ ವಿಷದ ಹೆಸರು ಜಗತ್ತಿಗೆ ತಿಳಿದದ್ದು ಆಗಲೇ. ಅದು ಮೇವಿನಿಂದ ಬಂದದ್ದು, ಹಾಸಿನಿಂದಲ್ಲ ನಿಜ. ಆದರೆ ಕೋಳಿ ತನ್ನ ಹಾಸನ್ನೂ ಕುಕ್ಕಿ ನೋಡುವ ಜೀವ. ಶಕ್ತಿನಗರದ ವಿದ್ಯುತ್ ಕೇಂದ್ರದ ಹಾರುಬೂದಿ ತರೋಣವೇ ಎಂದು ಒಬ್ಬಳು ತಮಾಷೆಗೋ ನಿಜವಾಗಿಯೋ ಕೇಳಿದಳು. ಕಲ್ಲಿದ್ದಲಿನ ಆ ಬೂದಿಗೂ ನಮ್ಮ ಒಲೆಯ ಬೂದಿಗೂ ಹೆಸರೊಂದೇ, ಗುಣ ಒಂದಲ್ಲ. ಬೇಡವೆಂದೆ.

ಕೊನೆಗೆ ಹತ್ತಿ. ಇದನ್ನು ಹೇಳಿದವಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಗಿರಣಿಯಲ್ಲಿ ಉದುರಿದ ಕಸರು ಹತ್ತಿ ಸಿಗುತ್ತದೆ, ಮೆತ್ತಗಿರುತ್ತದೆ, ಪಾಪ ಮರಿಗಳಿಗೆ ಹಿತವಾಗುತ್ತದೆ ಎಂದಳು. ಆಕೆಯ ದನಿಯಲ್ಲಿ ನಿಜವಾದ ಮರುಕವಿತ್ತು. ಆದರೆ ಹತ್ತಿಯ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಗಂಟಲ ಚೀಲದಲ್ಲಿ ಗಂಟಾಗುತ್ತದೆ; ಮೇಲಾಗಿ ಹತ್ತಿಗೆ ನಾವು ಹೊಡೆಯುವ ಔಷಧಿ ಒಂದೆರಡೇ? ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಮೆತ್ತಗೆ ಎಂಬ ಮಾತು. ಮೆತ್ತಗೆ ಯಾರಿಗೆ? ಕೈಯಿಂದ ಮುಟ್ಟಿ ನೋಡುವವರು ನಾವು.

ಕೋಳಿ ಹಾಸಿನ ಮೇಲೆ ಮಲಗುವುದೇ ಇಲ್ಲ. ಬೆಳೆದ ಕೋಳಿ ಕತ್ತಲಾದ ಮೇಲೆ ಎತ್ತರಕ್ಕೆ ಹಾರಿ ಅಡ್ಡಗೋಲನ್ನು ಬೆರಳಿನಿಂದ ಹಿಡಿದು ಕೂತೇ ನಿದ್ದೆ ಮಾಡುತ್ತದೆ. ಕಾಡುಕೋಳಿಯಾಗಿ ಮರದ ಕೊಂಬೆಯ ಮೇಲೆ ರಾತ್ರಿ ಕಳೆದ ನೆನಪು ಇನ್ನೂ ಅದರ ಕಾಲಿನಲ್ಲಿದೆ. ಹಾಗಾದರೆ ಹಾಸಿಗೆ ಎಂಬ ಹೆಸರೇ ನಾವು ಇಟ್ಟ ತಪ್ಪು ಹೆಸರು. ಹಾಸು ಅದಕ್ಕೆ ಹಗಲಿನ ಕೆಲಸಕ್ಕೆ ಬೇಕು. ಕೆದರಲು ಬೇಕು, ಮುಂದೆ ಕಾಳಿನ ತಟ್ಟೆ ತುಂಬಿದ್ದರೂ ಕೋಳಿ ಕೆದರುವುದನ್ನು ಬಿಡುವುದಿಲ್ಲ. ಸ್ನಾನಕ್ಕೆ ಬೇಕು. ಕೋಳಿಯ ಮಣ್ಣಿನ ಸ್ನಾನವನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದೀರಿ, ಕಂಡು ಮರೆತಿದ್ದೀರಿ. ಮಧ್ಯಾಹ್ನದ ಹೊತ್ತಿಗೆ ಒಣಮಣ್ಣಿನಲ್ಲಿ ಗುಂಡಿ ತೋಡಿ, ಪಕ್ಕಕ್ಕೆ ಒರಗಿ, ರೆಕ್ಕೆಯಿಂದ ಮಣ್ಣು ಎರಚಿಕೊಂಡು, ಕಣ್ಣು ಅರೆಮುಚ್ಚಿ, ಅರ್ಧ ತಾಸು ಹಾಗೇ ಬಿದ್ದಿರುತ್ತದೆ. ಸತ್ತಿದೆಯೋ ಏನೋ ಎಂದು ಹತ್ತಿರ ಹೋದರೆ ಎದ್ದು ಮೈ ಝಾಡಿಸುತ್ತದೆ, ನಮ್ಮ ಕಣ್ಣಿಗೇ ಧೂಳು. ಗರಿಯ ಮೇಲಿನ ಹಳೆಯ ಎಣ್ಣೆಯ ಅಂಶ ಹೋಗುವುದು, ಹೇನು ಉದುರುವುದು ಎಲ್ಲ ಇದರಿಂದಲೇ. ಎರಡು ದಿನಕ್ಕೊಮ್ಮೆಯಾದರೂ ಇದು ಬೇಕು. ಹೊಟ್ಟಿನಲ್ಲಿ ಹೇಗೋ ಮಾಡಿಕೊಳ್ಳುತ್ತದೆ. ಮೂಲೆಯಲ್ಲಿ ಒಂದು ಅಗಲವಾದ ಬುಟ್ಟಿಯಲ್ಲಿ ಒಣ ಉಸುಕಿಗೆ ಒಲೆಯ ಬೂದಿ ಕಲಸಿ ಇಟ್ಟರೆ ಸಾಲುಗಟ್ಟಿ ಬರುತ್ತವೆ. ಬೂದಿ ಮಾತ್ರ ಒದ್ದೆಯಾಗಬಾರದು, ಒದ್ದೆ ಬೂದಿ ಚರ್ಮ ಸುಡುತ್ತದೆ. ಬುಟ್ಟಿ ತುಂಬುವಷ್ಟು ಉಸುಕು ಸಾಕು. ಕೃಷ್ಣೆಯ ಒಡಲಿನಿಂದ ಲಾರಿಗಟ್ಟಲೆ ಒಯ್ಯುವವರು ಬೇರೆ ಇದ್ದಾರೆ.

ಇನ್ನೊಬ್ಬರ ಹಿತವನ್ನು ನಮ್ಮ ಅಂಗೈಯಿಂದ ಅಳೆಯುವುದರ ಬಗ್ಗೆ ಒಂದು ಪ್ರಸಂಗವನ್ನು ಓದಿದ್ದು ನನಗೆ ಮರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಕೋಳಿಗಳನ್ನು ತಂತಿಯ ಪಂಜರಗಳಲ್ಲಿ ಸಾಲುಸಾಲಾಗಿ ಇಡುವುದು ಹೆಚ್ಚಾದಾಗ ರೂತ್ ಹ್ಯಾರಿಸನ್ ಎಂಬ ಹೆಣ್ಣುಮಗಳು 1964ರಲ್ಲಿ 'ಅನಿಮಲ್ ಮಷೀನ್ಸ್' ಎಂಬ ಪುಸ್ತಕ ಬರೆದಳು. ಓದಿದ ಜನ ಬೆಚ್ಚಿದರು. ಸರಕಾರ ಬ್ರಾಂಬೆಲ್ ಎಂಬ ಪ್ರೊಫೆಸರರ ಸಮಿತಿ ನೇಮಿಸಿತು, 1965ರಲ್ಲಿ ವರದಿ ಬಂತು. ಒಳ್ಳೆಯ ಮನಸ್ಸಿನ ಜನ ಬರೆದ ಒಳ್ಳೆಯ ವರದಿ. ಅದರಲ್ಲಿ ಒಂದು ಸಲಹೆ: ಪಂಜರದ ತಳಕ್ಕೆ ತೆಳ್ಳನೆಯ ಆರು ಮೂಲೆಯ ಜಾಳಿಗೆ ಬೇಡ, ಕಾಲಿಗೆ ನೋವಾಗುತ್ತದೆ, ದಪ್ಪ ತಂತಿಯದಿರಲಿ. ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆ ಬಗೆಯ ತಳಗಳನ್ನು ಕೋಳಿಗಳ ಮುಂದೆಯೇ ಇಟ್ಟು, ನಿಮಗೆ ಯಾವುದು ಬೇಕೋ ಅದರ ಮೇಲೆ ನಿಲ್ಲಿರೆಂದು ಬಿಟ್ಟರು. ಕೋಳಿಗಳು ಆರಿಸಿಕೊಂಡದ್ದು ಸಮಿತಿ ಬೇಡವೆಂದಿದ್ದ ತೆಳು ಜಾಳಿಗೆಯನ್ನು. ಸಣ್ಣ ಕಣ್ಣಿನ ಜಾಳಿಗೆಯಲ್ಲಿ ಪಾದಕ್ಕೆ ಹೆಚ್ಚು ಕಡೆ ಆಸರೆ ಸಿಗುತ್ತಿತ್ತು. ಕೋಳಿಯನ್ನು ಕೇಳುವುದೆಂದರೆ ಇದು. ಅದರ ಮುಂದೆ ಎರಡು ಇಟ್ಟು, ಬಾಯಿ ಮುಚ್ಚಿಕೊಂಡು ನೋಡುವುದು.

ನಮ್ಮ ಅತ್ತೆಯವರ ಕೊನೆಯ ವರ್ಷಗಳು ನನಗೆ ಇಲ್ಲಿ ನೆನಪಾಗುತ್ತವೆ. ಹೊಲ ಮನೆ ಎಂದು ಎಪ್ಪತ್ತು ವರ್ಷ ಓಡಾಡಿದ ಜೀವ ಅದು. ಮೊಣಕಾಲು ಸೋತ ಮೇಲೆ ಮೈದುನ ರಾಯಚೂರಿನ ತನ್ನ ಮನೆಗೆ ಕರೆದೊಯ್ದ. ಪ್ರೀತಿಯಿಂದಲೇ ಕರೆದೊಯ್ದ, ಅದರಲ್ಲಿ ಸಂಶಯವಿಲ್ಲ. ಬೇರೆ ಕೋಣೆ, ಮಂಚ, ಒಂದು ಗೇಣು ಎತ್ತರದ ಫೋಮಿನ ಗಾದಿ. ನಾನು ನೋಡಲು ಹೋದಾಗ ಅವರು ಗಾದಿಯ ನಡುವೆ ಹೂತುಹೋದಂತೆ ಕೂತಿದ್ದರು. "ಯವ್ವಾ, ಇದರಾಗಿಂದ ಏಳಾಕ ಬರಂಗಿಲ್ಲ, ಮೈಯೆಲ್ಲ ಕಾವು ಹಿಡಿತೈತಿ" ಎಂದರು. ರಾಯಚೂರಿನ ಮೇ ತಿಂಗಳು, ಕೆಳಗೆ ಫೋಮು! ಅವರಿಗೆ ಬೇಕಾಗಿದ್ದದ್ದು ಶಹಾಬಾದಿ ಕಲ್ಲಿನ ತಂಪು ನೆಲ, ಅದರ ಮೇಲೆ ತಾವೇ ಹಳೆಯ ಸೀರೆ ಕೂಡಿಸಿ ಹೊಲಿದ ಕೌದಿ, ಮತ್ತು ಬಾಗಿಲಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸಲು ಒಂದಿಷ್ಟು ಜಾಗ. ಗಾದಿಗೆ ಎಷ್ಟೋ ಸಾವಿರ ಕೊಟ್ಟಿದ್ದ ಮಗನಿಗೆ ಇದು ಕೃತಘ್ನತೆಯಂತೆ ಕಂಡಿತು. ಕೊಟ್ಟವನಿಗೆ ತಾನು ಕೊಟ್ಟದ್ದೇ ಕಾಣುತ್ತದೆ. ಊರು, ಅಂಗಳ, ಅಕ್ಕಪಕ್ಕ ಬಿಟ್ಟು ಬಂದವರಿಗೆ ಬಿಟ್ಟುಬಂದದ್ದು ಕಾಣುತ್ತದೆ. ಕೋಳಿಗೂ ಅತ್ತೆಗೂ ಹೋಲಿಕೆ ಮಾಡಿದೆನೆಂದು ಯಾರೂ ಸಿಟ್ಟಾಗಬೇಡಿ. ಅವರಿದ್ದರೆ ಮೊದಲು ನಗುತ್ತಿದ್ದವರು ಅವರೇ.

ಮೇಲೆ ಬಿಟ್ಟ ಮಾತಿಗೆ ಈಗ ಬರುತ್ತೇನೆ. ಹಾಸೇ ಇಲ್ಲದೆ ಹೆಚ್ಚು ದುಡ್ಡು ಬರುವ ಉಪಾಯವೆಂದರೆ ಆ ತಂತಿಯ ಪಂಜರವೇ. ನಮ್ಮ ದೇಶದಲ್ಲಿ ಅಂಗಡಿಗೆ ಬರುವ ತತ್ತಿಯ ಬಹುಪಾಲು ಅದರಿಂದಲೇ ಬರುತ್ತದೆ. ಒಂದು ಕೋಳಿಯ ಪಾಲಿಗೆ ಬರುವ ಜಾಗ ನಾನು ಬರೆಯುತ್ತಿರುವ ಈ ಹಾಳೆಗಿಂತ ಚಿಕ್ಕದು. ತಳ ಇಳಿಜಾರು, ತತ್ತಿ ತಾನೇ ಉರುಳಿ ಹೊರಗೆ ಬರುತ್ತದೆ, ಹಿಕ್ಕೆ ಕೆಳಗೆ ಬೀಳುತ್ತದೆ. ಹೊಟ್ಟಿನ ಖರ್ಚಿಲ್ಲ, ಕೆದಕುವ ಆಳಿಲ್ಲ. ಆ ಪಂಜರದಲ್ಲೂ ಕೋಳಿ ಮಣ್ಣಿನ ಸ್ನಾನ ಮಾಡುತ್ತದೆ. ಮಣ್ಣಿಲ್ಲ, ಹೊಟ್ಟಿಲ್ಲ, ಬರಿ ತಂತಿಯ ಮೇಲೆ ಒರಗಿ, ಇಲ್ಲದ ಮಣ್ಣನ್ನು ರೆಕ್ಕೆಯಿಂದ ಎರಚಿಕೊಳ್ಳುತ್ತದೆ. ಇದನ್ನು ಗಮನಿಸಿ ಬರೆದಿಟ್ಟವರು ವಿಜ್ಞಾನಿಗಳು, ಕವಿಗಳಲ್ಲ. ಓದಿದ ದಿನ ನನಗೆ ಊಟ ಸೇರಲಿಲ್ಲ.

ಯುರೋಪಿನ ಒಕ್ಕೂಟ ಇಂಥ ಬರಿ ಪಂಜರಗಳನ್ನು 1999ರಲ್ಲಿ ಕಾನೂನು ಮಾಡಿ 2012ರಿಂದ ನಿಲ್ಲಿಸಿತು. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೇ ಪ್ರಾಣಿಗೆ ಓಡಾಡಲು ಸಾಕಷ್ಟು ಜಾಗವಿಲ್ಲದ ಪಂಜರ ಅಪರಾಧವೆನ್ನುತ್ತದೆ. 2017ರಲ್ಲಿ ಕಾನೂನು ಆಯೋಗ ತನ್ನ 269ನೆಯ ವರದಿಯನ್ನು ಪೂರ್ತಿ ಕೋಳಿಗಳ ಸಾಕಣೆ ಸಾಗಣೆಗೇ ಮೀಸಲಿಟ್ಟು ಪಂಜರ ಬೇಡವೆಂದಿತು. ಕಾಗದದ ಮೇಲೆ ನಮ್ಮ ದಯೆ ಯಾವಾಗಲೂ ದೊಡ್ಡದು.

ಆದರೆ ನನ್ನ ಕೈ ಕಟ್ಟಿಹಾಕುವ ಲೆಕ್ಕ ಬೇರೊಂದಿದೆ. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳೆಂದು 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿದಂತೆ ನಮ್ಮ ಭಾಗದ ಶಾಲೆಗಳ ಬಿಸಿಯೂಟದಲ್ಲಿ ತತ್ತಿ ಕೊಡಲು ಆರಂಭಿಸಿದರು. ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು, ಚಿಕ್ಕಿ ಎಂದಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಅದು ವಾರಕ್ಕೆ ಆರು ದಿನಕ್ಕೆ ಏರಿತು. ನಾನು ಕಣ್ಣಾರೆ ಕಂಡಿದ್ದೇನೆ, ತತ್ತಿಯ ದಿನ ಹಾಜರಿ ಬೇರೆಯೇ. ತೋಳು ಕಡ್ಡಿಯಂತಿರುವ ಮಕ್ಕಳು ಸಿಪ್ಪೆ ಸುಲಿಯುವಾಗಿನ ಮುಖ ನೋಡಿದವರು ಯಾರೂ ತತ್ತಿ ಬೇಡ ಎನ್ನಲಾರರು. ಮುನ್ನೂರು ಮಕ್ಕಳ ಶಾಲೆಗೆ ವಾರಕ್ಕೆ 1,800 ತತ್ತಿ, ವರ್ಷದಲ್ಲಿ ನಲವತ್ತು ವಾರ ಹಿಡಿದರೆ 72,000. ತಿಪ್ಪೆ ಕೆದರಿ ಬದುಕುವ ನಾಟಿ ಕೋಳಿ ವರ್ಷಕ್ಕೆ ಅರವತ್ತು ತತ್ತಿ ಇಟ್ಟರೆ ದೊಡ್ಡದು. ಹಾಗಾದರೆ ಒಂದು ಶಾಲೆಗೆ 1,200 ಕೋಳಿ ಬೇಕು. ಪಂಜರದ ಕೋಳಿ ಮುನ್ನೂರು ಇಡುತ್ತದೆ, 240 ಸಾಕು. ಊರಿನ ಹೆಣ್ಣುಮಕ್ಕಳು ಹೊಟ್ಟು ಹಾಸಿ ಬೂದಿ ಕಲಸಿ ಸಾಕಿದ ಗಿರಿರಾಜ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಶಾಲೆಯ ತತ್ತಿಯನ್ನು ಊರಿನ ಸಂಘಗಳಿಂದಲೇ ಕೊಳ್ಳಬಾರದೇಕೆ ಎಂದು ನಾನು ಸಭೆಗಳಲ್ಲಿ ಕೇಳಿದ್ದೇನೆ. ದರ ಹೊಂದುವುದಿಲ್ಲ ಎಂದರು. ಯಾರ ದರ ಎಂದು ಮರಳಿ ಕೇಳಿದೆ. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಕಳೆದ ವರ್ಷ ಆರನೆಯ ತರಗತಿಗೆ ಪ್ರಾಣಿಗಳ ವಾಸಸ್ಥಾನದ ಪಾಠ ಮಾಡುವಾಗ ಕೋಳಿಯ ಅಡ್ಡಗೋಲು, ಮಣ್ಣಿನ ಸ್ನಾನ ಎಲ್ಲ ಹೇಳಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬ ಹುಡುಗ ತಟ್ಟೆಯಲ್ಲಿದ್ದ ತತ್ತಿಯನ್ನು ಎತ್ತಿ ಹಿಡಿದು, "ಅಕ್ಕೋರ, ಇದನ್ನ ಇಟ್ಟ ಕೋಳಿ ಎಲ್ಲಿ ಇರತೈತ್ರಿ?" ಎಂದ. ತಂತಿಯ ಮೇಲೆ ಎಂದೆ. ಅಲ್ಲಿ ಮಣ್ಣು ಇರತೈತೇನ್ರಿ ಎಂದ. ಇಲ್ಲ ಎಂದೆ. ಅವನು ತತ್ತಿಯನ್ನು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಸಿಪ್ಪೆ ಸುಲಿದ, ಒಂದು ಚೂರೂ ಬಿಡದೆ ತಿಂದ. ತಂಗಿಗೆ ಜ್ವರ, ಶಾಲೆಗೆ ಬಂದಿಲ್ಲ, ಆಕೆಯದೊಂದು ಮನೆಗೆ ಒಯ್ಯಲೇ ಎಂದು ಕೇಳಿದ. ಹಾಜರಿ ಎಣಿಸಿ ಬೇಯಿಸಿದ ತತ್ತಿ ಅವು, ಆ ದಿನ ಹೆಚ್ಚಿನದು ಒಂದೂ ಇರಲಿಲ್ಲ.